ಮೂರನೇ ಬಾಜು

ನಮ್ಮ ಭಾವಾರಿಗೆ, ಅಂದರೆ ನಮ್ಮ ಯಜಮಾನರ ಅಣ್ಣನಿಗೆ, ಗಣಿತದಾಗ ಬರುವುದು ಒಂದೇ ಮಾತು. ಆ ಒಂದಕ್ಕೇ ನಮ್ಮ ಕಾಲು ಸವೆದಿವೆ.

"ತ್ರಿಕೋನದಾಗ ಯಾವ ಎರಡು ಬಾಜು ಕೂಡಿಸಿದ್ರೂ ಮೂರನೇದಕ್ಕಿಂತ ಉದ್ದನ, ತಂಗಿ. ಹಿಂಗಿದ್ದ ಮ್ಯಾಲ ಮೂಲಿ ಸುತ್ತಿ ಹೋಗವ ಶ್ಯಾಣ್ಯಾನೋ, ಹುಚ್ಚನೋ?"

ಇದನ್ನು ನಂಬಿ ಒಮ್ಮೆ ಚಿಂಚಲಿಗೆ ಮಾಯಕ್ಕನ ದರ್ಶನಕ್ಕೆಂದು ಅವರ ಬೆನ್ನು ಹತ್ತಿದೆ. ರಸ್ತೆ ಬಿಡಿಸಿ ಕಬ್ಬಿನೊಳಗೆ ನುಗ್ಗಿಸಿದರು. ಗರಿ ತಾಗಿ ಕೈಯೆಲ್ಲ ಗೀರಿತು. ಮುಂದೆ ಕಾಲುವೆ ಅಡ್ಡ ಬಂತು. ದಾಟುವ ಜಾಗ ಹುಡುಕುತ್ತ ಹೋಗಿ ಮತ್ತೆ ಅದೇ ರಸ್ತೆಗೆ ಬಿದ್ದೆವು! ಬಸ್ಸಿಗೆ ಹೋಗಿದ್ದ ಅತ್ತೆಯವರು ದರ್ಶನ ಮಾಡಿ, ಬುತ್ತಿ ಉಂಡು, ಗಿಡದ ನೆರಳಿಗೆ ಮಲಗಿದ್ದರು.

"ಭಾವಾರ, ಮೂರನೇ ಬಾಜುದಾಗ ನೀರ ಇರತೈತಿ ಅಂತ ಪುಸ್ತಕದಾಗ ಬರದಿರಲಿಲ್ಲೇನ್ರಿ?"

"ಅದು ಕಾಲುವಿ ತೋಡಿದವರ ತಪ್ಪ."

ಹಾವು ಕಾಣಿಸಲಿಲ್ಲವಲ್ಲ, ಅಷ್ಟೇ ತಾಯಿಯ ಕೃಪೆ.

ಊರೊಳಗೂ ಹಂಗೇ. ಬಸವಣ್ಣನ ಗುಡಿಗೆ ಹೋಗುವಾಗ ನಡುವೆ ಇರುವ ತಮ್ಮ ಹಳೇ ದೋಸ್ತನ ಮನೆಯ ತಲೆಬಾಗಿಲಲ್ಲಿ ಹೊಕ್ಕು ಹಿತ್ತಲ ಬಾಗಿಲಲ್ಲಿ ಹೊರಬೀಳುತ್ತಾರೆ. ಹೊಲದ ಬದುವಿನ ಜಗಳವಾಗಿ ಇಬ್ಬರಿಗೂ ಮಾತು ನಿಂತು ವರ್ಷಗಳಾದವು. ಮಾತಿಲ್ಲ, ದಾರಿ ಮಾತ್ರ ಐತಿ! ಇವರು ಮಾರಿ ಮೇಲೆ ಮಾಡಿ ಹಾಯುವುದು, ಅವರು ಪೇಪರಿನಲ್ಲಿ ಮಾರಿ ಮುಚ್ಚಿಕೊಳ್ಳುವುದು. ಆಮೇಲೆ ಸೊಸೆಯನ್ನು ಕೇಳುತ್ತಾರಂತೆ, "ಹೋತೇನ ಬಸ್ಸು?"

ಮೊನ್ನೆ ಆ ದೋಸ್ತ ಹಾರ್ಟ್ ಆಪರೇಶನ್ ಮಾಡಿಸಿಕೊಂಡು ಮನೆಗೆ ಬಂದರು. ಹಿತ್ತಲ ಬಾಗಿಲ ಬದಿಗೇ ಮಂಚ. ಗಾಳಿ ಬಡಿದೀತೆಂದು ಸೊಸೆ ಆ ಬಾಗಿಲಿಗೆ ಕೊಂಡಿ ಹಾಕಿದಳು. ಇಲ್ಲಿ ಭಾವಾರಿಗೆ ಚಡಪಡಿಕೆ. ಕಟ್ಟೆ ಇಳಿದರು, ಹತ್ತಿದರು, ಕೊಟ್ಟ ಚಹಾ ಆರಿಹೋಯಿತು.

"ಹೋಗಿ ನೋಡಿ ಬರ್ರಲಾ."

"ಹಾಯಾಕ ದಾರಿನ ಇಲ್ಲ. ಏನಂತ ಒಳಗ ಹೋಗ್ಲಿ?"

"ನೋಡಾಕ ಬಂದೇನಿ ಅಂತ."

"ಮೊದಲ ಅವ ಮಾತಾಡ್ಲಿ."

ನಾನು ದೀಪ ಹಚ್ಚಿ, "ಬಸವಣ್ಣಾ, ಇಬ್ಬರಿಗೂ ಬುದ್ಧಿ ಕೊಡಪಾ, ಒಬ್ಬರಿಗೆ ಕೊಟ್ಟರೂ ನಡದೀತು" ಎಂದು ಬೇಡಿಕೊಂಡೆ.

ಸಂಜೆ ಆ ಸೊಸೆಯೇ ನಮ್ಮ ಅಂಗಳಕ್ಕೆ ಬಂದಳು. "ಕಾಕಾ, ನಮ್ಮ ಮಾವಾರು ಹಿತ್ತಲ ಬಾಗಲಾ ತಗಸ್ಯಾರ್ರಿ. 'ಗಾಳಿ ಬಂದ್ರ ಬರ್ಲಿ, ಆ ಹುಚ್ಚ ಸುತ್ತ ಹಾಕ್ಕೊಂಡ ಹೋದಾನು' ಅಂದ್ರು."

ಭಾವಾರು ಚಪ್ಪಲಿಯನ್ನೂ ಮೆಟ್ಟದೆ ನಡೆದರು. ನಾನು ರಸ್ತೆ ಹಿಡಿದು ಗುಡಿಗೆ ಹೋದೆ. ಮಂಗಳಾರತಿ ಮುಗಿದರೂ ಅವರ ಪತ್ತೆ ಇಲ್ಲ. ಮತ್ತೆ ಜಗಳ ತೆಗೆದರೇನು? ಹಿತ್ತಲ ಕಡೆ ಹೋಗಿ ಇಣುಕಿದೆ.

ಮಂಚದ ತುದಿಗೆ ಭಾವಾರು ಕುಂತಿದ್ದರು. ದೋಸ್ತನ ಕಾಲು ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ಒತ್ತುತ್ತಿದ್ದರು. ದೋಸ್ತನ ಮಾರಿಯ ಮೇಲೆ ಪೇಪರು ಇರಲಿಲ್ಲ.

ಗಾಳಿ ತಣ್ಣಗಿತ್ತು. ಸಪ್ಪಳಾಗದಂತೆ ಹೊರಗಿನಿಂದ ಬಾಗಿಲು ಮುಂದೆ ಮಾಡಿ ಬಂದೆ.