ಶಿರಸ್ತೇದಾರರ ಬಚ್ಚಲು ತಕ್ಕಡಿ

ಮಂಡ್ಯದಲ್ಲಿ ನಂಬಿಕೆಗೆ ಯೋಗ್ಯವಾದ ತಕ್ಕಡಿ ಒಂದೂ ಇಲ್ಲ ಎಂಬುದು ತಾಲ್ಲೂಕು ಕಚೇರಿಯ ಶಿರಸ್ತೇದಾರ್ ಯೋಗಾನರಸಿಂಹಯ್ಯನವರ ಖಚಿತವಾದ ಅಭಿಪ್ರಾಯ. ಊರಿನಲ್ಲಿ ತಕ್ಕಡಿಗಳಿಗೇನೂ ಬರವಿರಲಿಲ್ಲ. ಸಕ್ಕರೆ ಕಾರ್ಖಾನೆ ಬಂದ ಮೇಲಂತೂ ಬೆಳಗಿನಿಂದ ಸಂಜೆವರೆಗೆ ಊರಿಗೆ ಊರೇ ಏನಾದರೊಂದನ್ನು ತೂಗುತ್ತಲೇ ಇತ್ತು. ಆದರೆ ಯಾವ ತಕ್ಕಡಿಯೂ ಶಿರಸ್ತೇದಾರರು ಬಯಸಿದಷ್ಟು ಕಡಿಮೆ ತೋರಿಸುತ್ತಿರಲಿಲ್ಲ. ಆದ್ದರಿಂದ ಎಲ್ಲವೂ ಕಳ್ಳ ತಕ್ಕಡಿಗಳೇ.

ಇಷ್ಟಕ್ಕೂ ಈ ಮಹಾನುಭಾವರಿಗೆ ತಕ್ಕಡಿಯ ಹುಚ್ಚು ಹಿಡಿದದ್ದು ಯಾಕೆ ಅಂತೀರಾ? ಅವರ ಹೆಂಡತಿ ಪಂಕಜಮ್ಮನ ತಮ್ಮ ವೆಂಕಟೇಶಮೂರ್ತಿ ಮಳವಳ್ಳಿಯಲ್ಲಿ ವಕೀಲ. ಅವನ ಮಗಳು ಕನಕಲಕ್ಷ್ಮಿಯ ನಿಶ್ಚಿತಾರ್ಥದ ಊಟಕ್ಕೆ ಕೂತಾಗ ಶಿರಸ್ತೇದಾರರ ಕೆಳಗಿನ ಮಣೆ ಫಟ್ಟನೆ ಎರಡು ಹೋಳಾಯಿತು. ಹೋಳಾಗಲಿ, ಹಲಸಿನ ಮರದ ಹಳೇ ಮಣೆ. ಆದರೆ ಅದು ಹೋಳಾದದ್ದು ಹೊಸ ಬೀಗರ ಎದುರಿಗೆ.

"ಭಾವ, ಪೆಟ್ಟಾಯ್ತೇ? ಮದುವೆಗೆ ನಿಮಗೊಂದು ಕಲ್ಲುಚಪ್ಪಡಿ ಹಾಕಿಸ್ತೀನಿ ಬಿಡಿ," ಎಂದ ವೆಂಕಟೇಶಮೂರ್ತಿ.

ಬೀಗರ ಪಂಕ್ತಿ ಪೂರ್ತಿ ನಕ್ಕಿತು. ಪರಿಚಾರಕರು ಇಬ್ಬರು ಹಿಡಿದೆತ್ತಿದ ಮೇಲೆ ಶಿರಸ್ತೇದಾರರು ಆ ಪಂಕ್ತಿಯನ್ನೇ ಸಾಕ್ಷಿಯಾಗಿಟ್ಟುಕೊಂಡು ಭೀಷಣ ಪ್ರತಿಜ್ಞೆ ಮಾಡಿದರು.

"ಮದುವೆ ಹೊತ್ತಿಗೆ ಒಂದು ಮಣ ಇಳಿಸಿ ಬರ್ತೀನಿ ಕಣಯ್ಯ! ಇಳಿಸದೇ ಹೋದರೆ ನಿನ್ನ ಚಪ್ಪರದಲ್ಲಿ ಒಬ್ಬಟ್ಟು ಮುಟ್ಟೋಲ್ಲ. ಮೆಂತ್ಯದ ಗಂಜಿ ಕುಡಿದು ಎದ್ದು ಹೋಗ್ತೀನಿ!"

(ಒಂದು ಮಣ ಅಂದರೆ ಇಂಗ್ಲಿಷ್ ಲೆಕ್ಕದಲ್ಲಿ ಇಪ್ಪತ್ತೈದು ಪೌಂಡು. ಕೋಪದಲ್ಲಿ ಲೆಕ್ಕ ಯಾರು ಹಾಕುತ್ತಾರೆ?)

ಪಂಕಜಮ್ಮ ಆ ಮಾತನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೇ ಮಂಡ್ಯಕ್ಕೆ ಬಂದಳು. ಬಂದವಳೇ ತುಪ್ಪದ ಜಾಡಿಯನ್ನು ದೇವರ ಮನೆಯ ಬೀರುವಿಗೆ ಸೇರಿಸಿ ಬೀಗ ಜಡಿದಳು; ಗಂಡನಿಗೆ ಇನ್ನು ಎರಡು ಹೊತ್ತೂ ಮೆಂತ್ಯದ ಗಂಜಿಯೇ ಎಂದಳು.

ಶಿರಸ್ತೇದಾರರು ಮೊದಲು ಹೋದದ್ದು ಬೋರಯ್ಯನ ಬೆಲ್ಲದ ಮಂಡಿಗೆ. ತೊಲೆಗೆ ನೇತುಹಾಕಿದ್ದ ದೊಡ್ಡ ತಕ್ಕಡಿಯ ಒಂದು ತಟ್ಟೆಯಲ್ಲಿ ಅವರು ಕೂತರು. ಇನ್ನೊಂದು ತಟ್ಟೆಗೆ ಆಳುಗಳು ತೂಕದ ಕಲ್ಲು ಹೊತ್ತು ಹೊತ್ತು ಹಾಕಿದರು. ಶಿರಸ್ತೇದಾರರು ನೆಲ ಬಿಟ್ಟು ಏಳಲಿಲ್ಲ.

"ಲೇ, ಇನ್ನೊಂದು ಕಲ್ಲು ತತ್ತಾರ್ಲಾ! ಬುದ್ಧಿಯೋರು ಇನ್ನೂ ಕುಂತೇ ಅವ್ರೆ!" ಎಂದು ಬೋರಯ್ಯ ಕೂಗಿದ ಕೂಗು ಸಂತೆಮಾಳಕ್ಕೆ ಕೇಳಿಸಿತು. ಬೆಲ್ಲ ಮಾರಲು ಬಂದವರು ಬೆಲ್ಲ ಬಿಟ್ಟು ಇತ್ತ ಬಂದರು.

"ನಿನ್ನ ಕಲ್ಲೇ ಮೋಸ ಕಣೋ ಬೋರಯ್ಯ," ಎಂದರು ಶಿರಸ್ತೇದಾರರು, ಕಡೆಗೂ ಸಮಕ್ಕೆ ಬಂದ ತಟ್ಟೆಯಿಂದ ಇಳಿಯುತ್ತಾ.

"ಮೋಸಾನಾ? ಚೆಂದಾಗೇಳಿದ್ರಿ. ಕಲ್ಲಿನ ಮೇಲೆ ಮುದ್ರೆ ಒತ್ತಿರಾದು ನಿಮ್ಮ ಕಚೇರಿಯೋರೇ ಕಣ್ ಬುದ್ಧಿ."

ಅಲ್ಲಿಂದ ರೈಲ್ವೆ ಸ್ಟೇಷನ್ನಿಗೆ ಹೋದರು. ಪಾರ್ಸೆಲ್ ತೂಗುವ ಹಲಗೆಯ ಮೇಲೆ ನಿಂತರು. ಅದು ಬೋರಯ್ಯನ ಕಲ್ಲಿಗಿಂತ ಎರಡು ಪೌಂಡು ಜಾಸ್ತಿ ಹೇಳಿತು. ಪರವೂರಿನ ಮೂಟೆಗಳ ಸಹವಾಸದಿಂದ ಅದರ ನಡತೆ ಕೆಟ್ಟಿದೆ ಎಂದು ತೀರ್ಪು ಕೊಟ್ಟು ಮನೆಗೆ ಬಂದರು.

ಕೊನೆಗೆ ಬೆಂಗಳೂರಿನ ದಂಡು ಪ್ರದೇಶದ ಅಂಗಡಿಯೊಂದರಿಂದ ವಿಲಾಯಿತಿ ತಕ್ಕಡಿ ಬಂತು. ಚೌಕಾಕಾರದ ಪುಟ್ಟ ಪೆಟ್ಟಿಗೆ, ಮೇಲೆ ನಿಲ್ಲುವುದಕ್ಕೆ ರಬ್ಬರು ಹಾಸು, ಮುಂದೆ ಗಾಜಿನೊಳಗೆ ಮುಳ್ಳು.

"ಇಂಗ್ಲೆಂಡಿನಲ್ಲಿ ಇದನ್ನು ಸ್ನಾನದ ಮನೆಯಲ್ಲೇ ಇಡೋದು ಪಂಕಜಾ. ದೊರೆಗಳು ದಿನಾ ಬೆಳಿಗ್ಗೆ ಇದರ ಮೇಲೆ ನಿಂತು ನೋಡ್ಕೋತಾರೆ."

"ಬಚ್ಚಲಲ್ಲಿ ತಕ್ಕಡೀನೇ? ಯಾಕೆ, ಸೀಗೆಪುಡಿ ತೂಗಿ ಹಾಕ್ಕೋತಾರೇನು?"

"ನಿನಗೆ ತಿಳಿಯೋಲ್ಲ. ಶಾಸ್ತ್ರೋಕ್ತವಾದ ಜಾಗ ಅದೇ."

ಶಾಸ್ತ್ರೋಕ್ತವಾಗಿ ಅದನ್ನು ಬಚ್ಚಲಲ್ಲಿ, ನೀರಿನ ಹಂಡೆಯ ಪಕ್ಕದಲ್ಲಿ ಪ್ರತಿಷ್ಠಾಪಿಸಿದರು. ಮೊದಲ ದಿನ ಅದು ಇನ್ನೂರೈದು ಪೌಂಡು ಎಂದಿತು. ಹೊಸದಲ್ಲವೇ, ನಮ್ಮ ನೆಲಕ್ಕೆ ಒಗ್ಗಬೇಕು ಎಂದು ಶಿರಸ್ತೇದಾರರು ಕ್ಷಮಿಸಿದರು.

ಆದರೆ ಶಾಸ್ತ್ರದ ವಿಚಾರದಲ್ಲಿ ಪಂಕಜಮ್ಮನಿಗೆ ಹೇಳಿಕೊಡುವಷ್ಟು ದೊಡ್ಡವರು ಆ ಮನೆಯಲ್ಲಿ ಯಾರಿದ್ದರು? ಬಚ್ಚಲೆಂದರೆ ಅವಳ ಮಡಿನೀರು ಕಾಯುವ ಜಾಗ. ಅಲ್ಲಿಗೆ ಬಂದಿರುವುದೋ ಬೆಂಗಳೂರಿನ ಅಂಗಡಿಯಲ್ಲಿ ಯಾರ್ಯಾರೋ ಬೂಟುಗಾಲಲ್ಲಿ ಹತ್ತಿಳಿದ ಪದಾರ್ಥ. ಮಾರನೆಯ ದಿನದಿಂದಲೇ ತಕ್ಕಡಿ ಮುಸುರೆ ಪಾತ್ರೆಗಳ ಜೊತೆ ಹಿತ್ತಲಿಗೆ ಹೋಗತೊಡಗಿತು. ಕೆಲಸದ ಮಾಯಮ್ಮ ಅದನ್ನು ಹುಣಸೆಹಣ್ಣು, ಬೂದಿ ಹಾಕಿ ಗಸಗಸ ತಿಕ್ಕುವಳು.

"ಅವ್ವಾರೇ, ಈ ಪಾತ್ರೆಗೆ ಬಾಯೇ ಇಲ್ವಲ್ಲ, ವಳೀಕೆ ಎಲ್ಲಿಂದ ನೀರು ಉಯ್ಯಾದು?"

"ಪಕ್ಕದಲ್ಲಿ ಸಂದು ಇದೆ ನೋಡೇ. ಅದರಲ್ಲಿ ಹೊಯ್ಯಿ."

ಮಾಯಮ್ಮ ತೊಳೆದ ಮೇಲೆ ಪಂಕಜಮ್ಮ ಮತ್ತೊಂದು ಚೊಂಬು ನೀರು ಸುರಿದು ಒಳಗೆ ತರುವಳು. ಹೀಗೆ ವಿಲಾಯಿತಿ ತಕ್ಕಡಿಗೆ ನಿತ್ಯ ಎರಡು ಸ್ನಾನ. ದೊರೆಗಳ ದೇಶದಲ್ಲಿ ಹುಟ್ಟಿ ಬೆಳೆದ ಯಂತ್ರಕ್ಕೆ ಅಷ್ಟು ಸ್ನಾನದ ಅಭ್ಯಾಸವಿರಲಿಲ್ಲವೆಂದು ಕಾಣುತ್ತದೆ. ಸ್ವಲ್ಪ ದಿನದಲ್ಲೇ ಅದರ ಮುಳ್ಳು ಇಳಿಯತೊಡಗಿತು.

ಶಿರಸ್ತೇದಾರರು ಒಂದು ಬೆಳಿಗ್ಗೆ ಒದ್ದೆ ಪಂಚೆಯಲ್ಲೇ ಹೊರಗೆ ಓಡಿಬಂದರು. "ಪಂಕಜಾ! ನೂರ ತೊಂಬತ್ತೆಂಟು!"

"ಗಂಜಿ ಅಂದ್ರೆ ಏನೂಂತ ತಿಳ್ಕೊಂಡಿದ್ರಿ ಮತ್ತೆ?" ಎಂದಳು ಪಂಕಜಮ್ಮ, ಹೆಮ್ಮೆಯಿಂದ.

ಗಂಜಿಯ ಮಹಿಮೆ ಶಿರಸ್ತೇದಾರರಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಕುಡಿದ ಗಳಿಗೆಯಿಂದ ಎಂಥ ಹಸಿವಾಗುತ್ತಿತ್ತೆಂದರೆ, ವಾರದಲ್ಲೆರಡು ಸಲ ಮದ್ದೂರಿನಲ್ಲಿ ಜಮಾಬಂದಿ, ಅಂದರೆ ಕಂದಾಯದ ಲೆಕ್ಕ ನೋಡುವ ಸರ್ಕಾರಿ ಕೆಲಸ, ಹುಟ್ಟಿಕೊಳ್ಳುತ್ತಿತ್ತು. ಆ ಸರ್ಕಾರಿ ಕೆಲಸ ಸ್ಟೇಷನ್ನಿನ ಪ್ಲಾಟ್‌ಫಾರಮ್ಮಿನ ಮೇಲೆ, ಬಿಸಿಬಿಸಿ ವಡೆಯ ಬುಟ್ಟಿಯ ಮುಂದೆ ನಡೆಯುತ್ತಿತ್ತು. ಮೊದಲ ಸಲ ತಿಂದ ಮರುದಿನ ಹೆದರುತ್ತಾ ತಕ್ಕಡಿ ಹತ್ತಿದರೆ ಮುಳ್ಳು ಇನ್ನೆರಡು ಪೌಂಡು ಕೆಳಗಿತ್ತು! ವಡೆಯಲ್ಲಿ ಮೈ ಕರಗಿಸುವ ಗುಣವಿದೆ ಎಂದು ಅವರಿಗೆ ಹೊಳೆದದ್ದು ಆಗಲೇ. ಗುಣವಿರುವ ಪದಾರ್ಥವನ್ನು ಕಡಿಮೆ ತಿನ್ನುವುದು ಮೂರ್ಖತನ.

ಮುಳ್ಳು ಇಳಿಯಿತು, ಕೋಟಿನ ಗುಂಡಿಗಳು ಹಾರಿದವು. ಅಗಸ ಕೋಟನ್ನು ಕುಗ್ಗಿಸಿದ್ದಾನೆ ಎಂದರು. ಉಯ್ಯಾಲೆಯ ಮಣೆ ನರಳಿತು. ಕೊಂಡಿಗೆ ಎಣ್ಣೆಯಿಲ್ಲ ಎಂದರು. ಕಡೆಗೊಂದು ದಿನ ಕಚೇರಿಯಲ್ಲಿ ಬಗ್ಗಿ ಪೆನ್ನು ತೆಗೆದುಕೊಳ್ಳುವಾಗ ಕೋಟಿನ ಬೆನ್ನು ಕತ್ತಿನಿಂದ ಸೊಂಟದವರೆಗೆ ಪರ್ರನೆ ಹರಿಯಿತು. ಅಂದು ದೂರಲು ಯಾರೂ ಸಿಗಲಿಲ್ಲ. ಪಿನ್ನುಗಳನ್ನು ಚುಚ್ಚಿ, ಮೇಲೆ ಜರಿ ಶಲ್ಯ ಹೊದ್ದರು. ವಿಲಾಯಿತಿ ಯಂತ್ರ ಮತ್ತು ಆ ಕೋಟು ಹೊಲಿದ ಮಂಡ್ಯದ ದರ್ಜಿ, ಇವರಿಬ್ಬರಲ್ಲಿ ಯಾರನ್ನು ನಂಬಬೇಕು ಎಂದು ವಿದ್ಯಾವಂತರಿಗೆ ಹೇಳಿಕೊಡಬೇಕೆ?

ವರಪೂಜೆಯ ದಿನ ಬೆಳಿಗ್ಗೆ ದಂಪತಿಗಳು ಮಳವಳ್ಳಿಗೆ ಬಂದಿಳಿದರು. ಬಸ್ಸಿನಲ್ಲಿ ಉದ್ದಕ್ಕೂ ತಕ್ಕಡಿ ಶಿರಸ್ತೇದಾರರ ತೊಡೆಯ ಮೇಲೆ, ಮಡಿಯ ರೇಷ್ಮೆ ಮಗುಟದಲ್ಲಿ ಸುತ್ತಿಕೊಂಡು, ಸಾಲಿಗ್ರಾಮದ ಹಾಗೆ ಕೂತಿತ್ತು. ಬೀಗರ ಕಡೆಯವರೂ ಬಂದು ಚಪ್ಪರದಲ್ಲಿ ಕಾಫಿ ಕುಡಿಯುತ್ತಿದ್ದರು. ಶಿರಸ್ತೇದಾರರು ನಡುಮಧ್ಯೆ ತಕ್ಕಡಿಯಿಟ್ಟು ಏರಿ ನಿಂತರು.

"ಓದಯ್ಯಾ ವಕೀಲ. ಎಲ್ಲರಿಗೂ ಕೇಳೋ ಹಾಗೆ ಓದು."

ವೆಂಕಟೇಶಮೂರ್ತಿ ಬಗ್ಗಿ ನೋಡಿದ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. "ನೂರ ಎಪ್ಪತ್ತು!"

ಚಪ್ಪರ ಬೆರಗಾಯಿತು. ಅಡುಗೆಮನೆಯಿಂದ ಒಬ್ಬಟ್ಟು ಬೇಯುವ ವಾಸನೆ ಬಂದು ಶಿರಸ್ತೇದಾರರ ಮೂಗನ್ನು ಮುಟ್ಟಿ ನಮಸ್ಕಾರ ಮಾಡಿತು. ಅವರು ಇಳಿದು ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಗೆದ್ದ ಮನುಷ್ಯನಿಗೆ ಸುಮ್ಮನಿರಲು ಬರುತ್ತದೆಯೇ?

"ಇಂಥ ಸತ್ಯವಂತ ಯಂತ್ರ ಮೈಸೂರು ಸೀಮೆಯಲ್ಲೇ ಇಲ್ಲ. ಯಾರು ಬೇಕಾದರೂ ಹತ್ತಿ. ಬಾಪ್ಪ ಮದುಮಗನೇ, ನೀನೂ ಹತ್ತು!"

ಮದುಮಗ ಕಸ್ತೂರಿರಂಗ ಮೈಸೂರಿನ ಯಂತ್ರದಂಗಡಿಯೊಂದರಲ್ಲಿ ಗುಮಾಸ್ತ. ತೆಳ್ಳಗೆ ಕಡ್ಡಿಯಂಥ ಹುಡುಗ, ನಾಚಿಕೊಂಡೇ ಹತ್ತಿದ. ಮುಳ್ಳು ಕಿರ್ರೆಂದು ಒಂದಿಷ್ಟು ಸರಿದು, ಅರವತ್ತರಲ್ಲಿ ನಿಂತುಬಿಟ್ಟಿತು.

ಚಪ್ಪರದಲ್ಲಿ ಕಾಫಿ ಲೋಟಗಳೆಲ್ಲ ಕೆಳಗಿಳಿದವು.

"ಅರವತ್ತು ಪೌಂಡು ಅಂದ್ರೆ..." ವೆಂಕಟೇಶಮೂರ್ತಿ ಅಕ್ಕನನ್ನು ಕಂಬದ ಮರೆಗೆ ಎಳೆದುಕೊಂಡ. "ಅಕ್ಕ, ಎಂಟು ವರ್ಷದ ಮಗೂ ತೂಕ! ಹುಡುಗನಿಗೆ ಒಳಗೊಳಗೇ ಕ್ಷಯ ಇದೆಯೋ ಏನೋ. ಮಗಳನ್ನ ಹೇಗೆ ಕೊಡಲಿ?"

ವಕೀಲರ ಪಿಸುಮಾತು. ಬೀದಿಯ ಕೊನೆಯವರಿಗೂ ಕೇಳಿಸಿತು. ಮದುಮಗನ ತಾಯಿ ತಿರುಮಲಮ್ಮ ಎದ್ದು ನಿಂತಳು.

"ಯಾರಿಗ್ರೀ ಕ್ಷಯ? ನನ್ನ ಮಗ ಹುಟ್ಟಿದಾಗಿನಿಂದ ನೆಗಡಿ ಕಂಡೋನಲ್ಲ! ಇಳಿಯೋ ರಂಗ. ಗಾಡಿ ಕಟ್ಟಿಸಿ. ಇಂಥ ಮಾತು ಆಡಿಸ್ಕೊಂಡು ಈ ಮನೇಲಿ ನೀರೂ ಮುಟ್ಟೋಲ್ಲ."

"ಯಂತ್ರ ಸುಳ್ಳು ಹೇಳುತ್ತೇನ್ರಮ್ಮ?" ಎಂದ ವೆಂಕಟೇಶಮೂರ್ತಿ. "ನಮ್ಮ ಭಾವನೇ ಪ್ರಮಾಣ."

ಎಲ್ಲರೂ ಶಿರಸ್ತೇದಾರರ ಕಡೆ ತಿರುಗಿದರು. ಒಳಬಾಗಿಲಲ್ಲಿ ಅರಿಸಿನದ ಕೆನ್ನೆಯ ಮೇಲೆ ಕಣ್ಣೀರಿನ ಗೆರೆ ಇಳಿಸಿಕೊಂಡು ಕನಕಲಕ್ಷ್ಮಿ ನಿಂತಿದ್ದಳು.

"ಮಾವ, ನಿಮ್ಮ ತಕ್ಕಡಿ ಹೇಳೋದು ನಿಜಾನಾ?"

ಒಂದು ಕಡೆ ಹುಡುಗಿಯ ಕಣ್ಣೀರು, ಇನ್ನೊಂದು ಕಡೆ ಒಬ್ಬಟ್ಟಿನ ವಾಸನೆ. ನಡುವೆ ಶಿರಸ್ತೇದಾರರು ಬಹಳ ಹೊತ್ತು ಜೋಲಿ ಹೊಡೆದರು. (ಬಹಳ ಹೊತ್ತು ಅಂದರೆ ನಾಚಿಕೆಯಾಗುವಷ್ಟು ಹೊತ್ತು.) ಆಮೇಲೆ "ಹುಡುಗ ಚೆನ್ನಾಗಿದ್ದಾನೆ. ತಕ್ಕಡಿ ಸುಳ್ಳು," ಎಂದರು.

"ನಮ್ಮ ಸಮಾಧಾನಕ್ಕೆ ಹೇಳ್ಬೇಡಿ ಭಾವ. ಈಗ ತಾನೇ ಸತ್ಯವಂತ ಅಂದ್ರಿ. ಸುಳ್ಳು ಅನ್ನೋದಕ್ಕೆ ಸಾಕ್ಷಿ ಏನು?"

ಹಾಳು ವಕೀಲ! ಶಿರಸ್ತೇದಾರರು ಹಲ್ಲು ಕಚ್ಚಿ ಕೋಟಿನ ಮೇಲಿದ್ದ ಜರಿ ಶಲ್ಯ ತೆಗೆದರು, ಸಭೆಗೆ ಬೆನ್ನು ತಿರುಗಿಸಿದರು. ಕೋಟಿನ ಬೆನ್ನು ಹೆಬ್ಬಾಗಿಲಿನಂತೆ ತೆರೆದುಕೊಂಡಿತ್ತು. ಪಿನ್ನುಗಳು ಸಾಲಾಗಿ ಮಿನುಗುತ್ತಿದ್ದವು.

"ಈ ಕೋಟು ನಿಶ್ಚಿತಾರ್ಥಕ್ಕೆ ಹಾಕಿದ್ದೆ, ಆಗ ಸಡಿಲವಾಗಿತ್ತು. ಸಾಕೇ? ವಾರಕ್ಕೆರಡು ಸಲ ಮದ್ದೂರಿಗೆ ಹೋಗಿ ವಡೆ ತಿಂದಿದ್ದೀನಿ. ನಾನು ಇಳಿದಿಲ್ಲ ಕಣಯ್ಯ, ಏರಿದ್ದೀನಿ!"

ಕಸ್ತೂರಿರಂಗ ತಕ್ಕಡಿಯನ್ನೆತ್ತಿ ಅಲ್ಲಾಡಿಸಿದ. ಸಂದಿನಿಂದ ಕೆಂಪು ತುಕ್ಕು, ಬೂದಿ, ಒಂದು ಹುಣಸೆಬೀಜ ಉದುರಿದವು.

"ಒಳಗಿನ ಸ್ಪ್ರಿಂಗು ಪೂರ್ತಿ ತುಕ್ಕು ಹಿಡಿದಿದೆ. ಇದಕ್ಕೆ ಯಾರೋ ನೀರು ಹೊಯ್ದಿದ್ದಾರೆ."

"ಯಾರೋ ಏನು, ನಾನೇ ಹೊಯ್ದೆ," ಎಂದಳು ಪಂಕಜಮ್ಮ. "ತೊಳೀದೇ ಇರೋ ಪದಾರ್ಥಾನ ಮಡಿನೀರಿನ ಹತ್ತಿರ ಇಟ್ಕೊಳ್ಳೋಕಾಗುತ್ತಾ? ಅದಿರಲಿ, ಮದ್ದೂರಿಗೆ ಜಮಾಬಂದಿಗೆ ಹೋಗ್ತೀನಿ ಅಂದ್ರಲ್ಲ, ಇದೇನಾ ನಿಮ್ಮ ಜಮಾಬಂದಿ?"

ತಿರುಮಲಮ್ಮ ಮೊದಲು ನಕ್ಕಳು. ಆಮೇಲೆ ಯಾರೂ ಗಾಡಿಯ ಮಾತೆತ್ತಲಿಲ್ಲ.

ಮಧ್ಯಾಹ್ನ ಎಲೆ ಹಾಕಿದರು. ತನ್ನ ಮಗನ ಆರೋಗ್ಯ ಎಂಥದೆಂದು ಬೀಗರು ಕಣ್ಣಾರೆ ಕಾಣಲಿ ಎಂದು ತಿರುಮಲಮ್ಮ ಪಕ್ಕದಲ್ಲೇ ನಿಂತು ಹುಡುಗನ ಎಲೆಗೆ ಒಬ್ಬಟ್ಟಿನ ಮೇಲೆ ಒಬ್ಬಟ್ಟು ಹಾಕಿಸಿದಳು, ಮೇಲೆ ಧಾರೆಧಾರೆಯಾಗಿ ತುಪ್ಪ. ಎದುರಿಗೆ ಶಿರಸ್ತೇದಾರರ ಎಲೆಯ ಮೇಲೆ ಒಂದೇ ಒಂದು ದೊನ್ನೆ. ಪಂಕಜಮ್ಮ ತಾನೇ ಬಂದು ಅದಕ್ಕೆ ಮೆಂತ್ಯದ ಗಂಜಿ ಸುರಿದಳು. ಪ್ರತಿಜ್ಞೆ ಕೇಳಿದ್ದ ಪಂಕ್ತಿಯವರೆಲ್ಲ ಅಕ್ಕಪಕ್ಕದಲ್ಲೇ ಕೂತಿದ್ದರು.

ಕಸ್ತೂರಿರಂಗನ ಕಣ್ಣಲ್ಲಿ ನೀರಾಡಿತು. "ಮಾವ, ಮಾನ ಕಳಕೊಂಡು ನನ್ನ ಮದುವೆ ಉಳಿಸಿದ್ರಿ. ಈ ಋಣ ಹೇಗೆ ತೀರಿಸಲಿ?"

ಶಿರಸ್ತೇದಾರರು ಹುಡುಗನ ಎಲೆಯ ಮೇಲಿನ ಒಬ್ಬಟ್ಟನ್ನೇ ನೋಡುತ್ತಾ, "ಅದೇನು ಮಹಾ ಬಿಡಪ್ಪ. ನಿನಗೆ ತೋಚಿದ್ದು ಏನಾದರೂ ಸಾಕು," ಎಂದರು, ಮೆಲ್ಲಗೆ ದೊನ್ನೆಯನ್ನು ಪಕ್ಕಕ್ಕೆ ಸರಿಸಿ ಎಲೆಯಲ್ಲಿ ಜಾಗ ಮಾಡುತ್ತಾ.

ಹುಡುಗ ಯೋಚಿಸಿದ. ಮುಖ ಅರಳಿತು.

"ನಮ್ಮ ಅಂಗಡಿಗೆ ಹೊಸ ತಕ್ಕಡಿ ಬಂದಿದೆ ಮಾವ. ಎಷ್ಟು ನೀರು ಹೊಯ್ದರೂ ತುಕ್ಕು ಹಿಡಿಯೋಲ್ಲ, ಒಂದು ಪೌಂಡೂ ತಪ್ಪು ಹೇಳೋಲ್ಲ. ನಾನೇ ಮಂಡ್ಯಕ್ಕೆ ತಂದು ಅತ್ತೆ ಕೈಗೆ ಕೊಡ್ತೀನಿ."

"ನೋಡಿದ್ರಾ, ಎಂಥ ಬಂಗಾರದಂಥ ಹುಡುಗ!" ಎಂದಳು ಪಂಕಜಮ್ಮ.

ಆ ಬಂಗಾರವನ್ನು ಮನೆತನಕ್ಕೆ ಉಳಿಸಿಕೊಟ್ಟದ್ದು ತಾವೇ ಎಂಬುದು ಶಿರಸ್ತೇದಾರರಿಗೆ ಆಗ ತಾನೇ ಸರಿಯಾಗಿ ಅರ್ಥವಾಯಿತು.