ಮಕ್ಕಳನ್ನು ಬಿಟ್ಟು ಹೋದ ಸಂಜೆ

ನಾನು ಬಹಳ ಸೂಕ್ಷ್ಮ ಮನಸ್ಸಿನವಳು ಎಂಬ ಅಭಿಪ್ರಾಯ ನನಗಿತ್ತು. ಬೇರೆಯವರಿಗೆ ಇತ್ತೋ ಇಲ್ಲವೋ ಕೇಳಿಲ್ಲ. ಇಂಥ ವಿಷಯದಲ್ಲಿ ಹೆಚ್ಚು ಜನರನ್ನು ಕೇಳಬಾರದು. ಸಾವಿನ ಮನೆಯಲ್ಲಿ ಎಷ್ಟು ಹೊತ್ತು ಕೂರಬೇಕು, ಕೆಲಸ ಕಳೆದುಕೊಂಡವರ ಹತ್ತಿರ ಯಾವ ಮಾತು ತೆಗೆಯಬಾರದು, ನಿಶ್ಚಿತಾರ್ಥ ಮುರಿದ ಹುಡುಗಿ ಮನೆಗೆ ಬಂದಾಗ ಯಾರ ಲಗ್ನಪತ್ರಿಕೆಯನ್ನು ಟೀವಿಯ ಹಿಂದೆ ಸರಿಸಬೇಕು, ಇವೆಲ್ಲ ನನಗೆ ತಾನಾಗಿಯೇ ಹೊಳೆಯುತ್ತವೆ ಎಂದುಕೊಂಡಿದ್ದೆ. ಹಾಸನದ ಹೈಸ್ಕೂಲಿನಲ್ಲಿ ಹದಿಮೂರು ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಪಾಠ ಹೇಳುವವರಿಗೆ ಎಲ್ಲವೂ ತಮಗೆ ಗೊತ್ತಿದೆ ಅನ್ನಿಸುವುದು ಈ ವೃತ್ತಿಗೆ ಅಂಟಿಕೊಂಡು ಬಂದ ಕಾಯಿಲೆ.

ಕಳೆದ ದಸರಾ ರಜೆಯಲ್ಲಿ ನಮ್ಮ ಯಜಮಾನರಿಗೆ ದಾವಣಗೆರೆಯಲ್ಲಿ ಕಚೇರಿಯ ಎರಡು ದಿನದ ತರಬೇತಿ ಬಿತ್ತು. ನಾನೂ ಮಕ್ಕಳನ್ನು ಕಟ್ಟಿಕೊಂಡು ಹೊರಟೆ. ಐದು ವರ್ಷದ ಮಗಳು ಸಿರಿ, ಎರಡು ವರ್ಷದ ಮಗ ನಕುಲ, ನಾಲ್ಕು ಚೀಲ. ಚೀಲಗಳಲ್ಲಿ ಮೂರು ನಕುಲನವು. ನಾನು ಹೊರಟಿದ್ದು ಊರು ನೋಡಲಿಕ್ಕಲ್ಲ. ಪಕ್ಕದ ಹರಿಹರದಲ್ಲಿ ನನ್ನ ಗೆಳತಿ ಶೈಲಾ ಇದ್ದಳು. ಬಿ.ಎಡ್. ಓದುವಾಗ ಹಾಸ್ಟೆಲಿನಲ್ಲಿ ವರ್ಷವಿಡೀ ಒಂದೇ ಕೋಣೆಯಲ್ಲಿದ್ದವರು ನಾವು. ಮದುವೆಯಾಗಿ ಒಂಬತ್ತು ವರ್ಷಕ್ಕೆ ಅವಳಿಗೊಂದು ಗಂಡು ಮಗುವಾಗಿತ್ತು. ಎಂಟು ತಿಂಗಳಿಗೆ ಜ್ವರ ಬಂದು ಮೂರೇ ದಿನದಲ್ಲಿ ಹೋಗಿಬಿಟ್ಟಿತ್ತು. ಅದಾಗಿ ನಾಲ್ಕು ತಿಂಗಳಾದರೂ ನಾನು ಹೋಗಿರಲಿಲ್ಲ. ಒಮ್ಮೆ ಫೋನು ಮಾಡಿ ಇಬ್ಬರೂ ಅತ್ತಿದ್ದೆವು, ಅಷ್ಟೇ. ಈಗ ಹೋಗಲೇಬೇಕಿತ್ತು. ಆದರೆ ಅಂಥ ಮನೆಗೆ, ಅಂಥ ತಾಯಿಯ ಕಣ್ಣೆದುರಿಗೆ, ನನ್ನ ಎರಡು ಮಕ್ಕಳನ್ನು ಕುಣಿಸಿಕೊಂಡು ಹೋಗುವುದೇ? ಸಾಧ್ಯವಿಲ್ಲ ಎಂದು ತೀರ್ಮಾನಿಸಿದೆ. ಯಾರನ್ನೂ ಕೇಳಲಿಲ್ಲ.

ತೀರ್ಮಾನವೇನೋ ಆಯಿತು, ಮಕ್ಕಳನ್ನು ಬಿಡುವುದೆಲ್ಲಿ? ಯಜಮಾನರ ತರಬೇತಿ ಸಂಜೆ ಏಳರವರೆಗೆ. ನಮ್ಮೂರಿನಲ್ಲಾದರೆ ಎದುರು ಮನೆಯವರ ಕಡೆ ನೋಡಿ "ಸ್ವಲ್ಪ ನೋಡ್ಕೊಳ್ಳಿ" ಎಂದರೆ ಮುಗಿಯಿತು. ಎದುರು ಮನೆಯೇ ಇಲ್ಲದ ಪರವೂರಿನಲ್ಲಿ ಆ ಒಂದು ಮಾತು ಎಷ್ಟು ದೊಡ್ಡ ಆಸ್ತಿ ಎನ್ನುವುದು ಗೊತ್ತಾಗುತ್ತದೆ. ಲಾಡ್ಜಿನ ಮ್ಯಾನೇಜರರ ಬಳಿ ಹೋಗಿ, ನಾಲ್ಕು ಗಂಟೆ ಹೊತ್ತು ಮಕ್ಕಳನ್ನು ನೋಡಿಕೊಳ್ಳುವವರು ಯಾರಾದರೂ ಸಿಗುತ್ತಾರೆಯೇ ಎಂದು ಕೇಳಿದೆ. ಹಣೆಗೆ ವಿಭೂತಿ ಹಚ್ಚಿದ್ದ ಆ ಹಿರಿಯರು ರಿಜಿಸ್ಟರಿನಿಂದ ತಲೆ ಎತ್ತಿ, ಮೇಜಿನ ಮೇಲಿನ ಗಂಟೆಯನ್ನು ಬಡಿಯುತ್ತಿದ್ದ ನಕುಲನನ್ನು ನೋಡಿದರು.

"ಲಗೇಜ್ ಆದ್ರ ಇಟ್ಕೊಂತೀವ್ರಿ ಮೇಡಂ, ರಸೀದಿನೂ ಕೊಡ್ತೀವಿ. ಇದಕ್ಕ ರಸೀದಿ ಹೆಂಗೆ ಬರಿಯೋದು?" ಎಂದರು. ತಮಾಷೆಗೆ ಹೇಳಿದಂತಿರಲಿಲ್ಲ.

ಕೊನೆಗೆ ಯಜಮಾನರ ಸಹೋದ್ಯೋಗಿಯೊಬ್ಬರು ಮಂಡಿಪೇಟೆಯಲ್ಲಿರುವ ತಮ್ಮ ಅತ್ತೆ ಗೌರಮ್ಮನವರಿಗೆ ಫೋನು ಮಾಡಿ ಒಪ್ಪಿಸಿದರು. ಕೆಳಗೆ ಒಣಮೆಣಸಿನಕಾಯಿಯ ಸಗಟು ಅಂಗಡಿ, ಮೇಲೆ ಮನೆ. ಮೆಟ್ಟಿಲು ಹತ್ತಿ ಮುಗಿಯುವಷ್ಟರಲ್ಲಿ ನಾವು ಮೂವರೂ ಸೇರಿ ಹನ್ನೊಂದು ಸಲ ಸೀನಿದ್ದೆವು. ಮೇಲೆ ನಿಂತಿದ್ದ ಗೌರಮ್ಮನವರು, "ಸೀನ್ರಿ, ಸೀನ್ರಿ. ನೆಗಡಿ ಇದ್ರ ಇಲ್ಲೇ ಹೋಗ್ತೈತೆ" ಎಂದು ಸ್ವಾಗತಿಸಿದರು. ನಾನು ಹಿಂದಿನ ರಾತ್ರಿ ಕೂತು ಎರಡು ಪುಟ ಸೂಚನೆ ಬರೆದುಕೊಂಡು ಹೋಗಿದ್ದೆ. ನಕುಲನಿಗೆ ಹಾಲು ಎಷ್ಟು ಬಿಸಿ ಇರಬೇಕು, ಸಿರಿ ಸುಳ್ಳು ಹಸಿವನ್ನೂ ನಿಜವಾದ ಹಸಿವನ್ನೂ ಹೇಗೆ ಬೇರೆಬೇರೆ ಧ್ವನಿಯಲ್ಲಿ ಹೇಳುತ್ತಾಳೆ, ಎಲ್ಲ ಅದರಲ್ಲಿತ್ತು. ಕೆಲವು ಕಡೆ ಅಡಿಗೆರೆಯನ್ನೂ ಎಳೆದಿದ್ದೆ. ಗೌರಮ್ಮನವರು ಕಾಗದವನ್ನು ತೋಳಿನಷ್ಟು ದೂರ ಹಿಡಿದು ನೋಡಿದರು.

"ಇದನ್ನ ಓದಕ್ಕ ಕನ್ನಡಕ ಬೇಕು. ನಾ ಕನ್ನಡಕ ಹುಡುಕೋದ್ರಾಗ ನೀ ಹರಿಹರಕ್ಕ ಹೋಗಿ ವಾಪಸ್ ಬಂದಿರ್ತಿ. ಹೋಗಿ ಬಾರವ್ವ. ಆರು ಮಕ್ಕಳನ್ನ ಸಾಕೀನಿ, ಒಂದಕ್ಕೂ ಕಾಗದ ಇರಲಿಲ್ಲ." ಆಮೇಲೆ ಕೇಳಿದರು, "ಅಲ್ಲ, ಹರಿಹರ ಏನು ದೂರ? ಮಕ್ಕಳನ್ನೂ ಕರ್ಕೊಂಡೇ ಹೋಗಬಹುದಿತ್ತಲ್ಲ, ಯಾಕ ಬ್ಯಾಡ ಅಂದಿ?"

ಸಿರಿಗೆ ಕೇಳಿಸದ ಹಾಗೆ ಕಾರಣ ಹೇಳಿದೆ. ಅವರು ನಕುಲನನ್ನು ಎತ್ತಿಕೊಂಡು, "ನಿನ್ನ ಮನಸ್ಸು ಒಳ್ಳೇದೈತೆ ಬಿಡವ್ವ" ಎಂದರು. ಅದು ಹೌದೆಂದೇ ನನಗೂ ಅನ್ನಿಸಿತು. ಬಸ್ಸಿನಲ್ಲಿ ಹರಿಹರ ಮುಟ್ಟುವವರೆಗೂ ಅನ್ನಿಸುತ್ತಲೇ ಇತ್ತು.

ಶೈಲಾ ಗೇಟಿನ ಹತ್ತಿರವೇ ನಿಂತಿದ್ದಳು. ಬಹಳ ಇಳಿದುಹೋಗಿದ್ದಳು. ನನ್ನ ಕೈ ಹಿಡಿದುಕೊಂಡು, ನನ್ನ ಹಿಂದೆ ನೋಡಿ, ರಸ್ತೆಯ ಆ ತುದಿಯವರೆಗೂ ನೋಡಿ, "ಮಕ್ಕಳು ಎಲ್ಲೆ?" ಎಂದಳು.

"ದಾವಣಗೆರೆಯಲ್ಲೇ ಬಿಟ್ಟು ಬಂದೆ. ಬಂದರೆ ಸುಮ್ಮನೆ ಗಲಾಟೆ" ಎಂದೆ.

ಅವಳು ನನ್ನ ಕೈ ಬಿಟ್ಟಳು. ಒಳಗೆ ಹೋದರೆ ಮೇಜಿನ ಮೇಲೆ ಎರಡು ಪುಟ್ಟ ಸ್ಟೀಲು ಬಟ್ಟಲುಗಳಲ್ಲಿ ಖಾರ ಹಾಕದ ಒಗ್ಗರಣೆ ಮಂಡಕ್ಕಿ ಇತ್ತು. ಪಕ್ಕದಲ್ಲಿ ಹೊಸದಾಗಿ ಕೊಂಡ ಬಣ್ಣದ ಪೆನ್ಸಿಲಿನ ಡಬ್ಬಿ. ನಾನು ಆ ಕಡೆ ನೋಡದ ಹಾಗೆ ಕೂತೆ. ಎರಡು ಗಂಟೆ ಹೊತ್ತು ಅವಳಿಗೆ ನೋವಾಗದ ವಿಷಯಗಳನ್ನೇ ಹುಡುಕಿ ಹುಡುಕಿ ಮಾತಾಡಿದೆ. ಶಾಲೆಯ ಹೊಸ ಕಟ್ಟಡ, ಹಾಸ್ಟೆಲಿನ ಹುಳಿಯಿಲ್ಲದ ಸಾರು, ಹಾಸನದ ಚಳಿ. ಚಳಿಯ ವಿಷಯ ಮೂರು ಸಲ ಬಂತು. ಹೊರಡುವಾಗ ಅವಳೇ ಬಾಯಿ ಬಿಟ್ಟಳು.

"ನೀನೂ ಹಂಗೇ ಮಾಡಿದಿ ನೋಡು. ನನಗ ಸಂಕಟ ಆಗ್ತೈತೆ ಅಂತ ಎಲ್ಲರೂ ಅವರವರೇ ತೀರ್ಮಾನ ಮಾಡ್ಕೊಂಡು ಬರ್ತಾರೆ. ನಮ್ಮಕ್ಕ ಮಗಳನ್ನ ಗೇಟಿನ ಹೊರಗ ಗಾಡಿ ಮೇಲೆ ಕೂಡ್ರಿಸಿ ತಾನೊಬ್ಬಳೇ ಒಳಗ ಬಂದ್ಲು. ಪಕ್ಕದ ಮನೆಯಾಕಿ ನನ್ನ ಕಂಡ್ರ ಕೂಸನ್ನ ಸೆರಗಿನಾಗ ಮುಚ್ಕೊಂತಾಳೆ. ಸಂಕಟ ಆಗಲ್ಲ ಅನ್ನಲ್ಲ, ಆಗ್ತೈತೆ. ಆದ್ರ ನಾಲ್ಕು ತಿಂಗಳಾತು, ಈ ಮನ್ಯಾಗ ಒಂದು ಮಗು ಕಾಲಿಟ್ಟಿಲ್ಲ."

ಅವಳೇ ಕಣ್ಣೊರೆಸಿಕೊಂಡು, "ನಾಳೆ ಕರ್ಕೊಂಡು ಬಾ. ನನ್ನ ಹತ್ರ ಬಿಟ್ಟು ನೀವಿಬ್ರೂ ಎಲ್ಲಿಗಾದ್ರೂ ಹೋಗ್ರಿ" ಎಂದಳು. ಆ ಸಂಜೆ ಮಂಡಿಪೇಟೆಯ ಮೆಟ್ಟಿಲು ಹತ್ತಿದಾಗ ಸಿರಿ ಗೌರಮ್ಮನವರ ಕೈಯಲ್ಲಿ ಎರಡು ಜಡೆ ಹಾಕಿಸಿಕೊಂಡು ಕೂತಿದ್ದಳು. ನಕುಲ ರೊಟ್ಟಿಯ ತುಂಡು ಹಿಡಿದೇ ನಿದ್ದೆ ಹೋಗಿದ್ದ. "ಅತ್ತನಾ?" ಎಂದು ಕೇಳಿದೆ. "ಯಾಕ ಅಳ್ತಾನೆ?" ಎಂದರು. ನನ್ನ ಎರಡು ಪುಟಗಳು ಮಡಿಸಿದ ಹಾಗೆಯೇ ಇದ್ದವು.

ಮರುದಿನ ತರಬೇತಿ ಮಧ್ಯಾಹ್ನಕ್ಕೇ ಮುಗಿಯಿತು. ನಾಲ್ವರೂ ಹರಿಹರಕ್ಕೆ ಹೋದೆವು. ನಕುಲ ಚಪ್ಪಲಿಯನ್ನೂ ಬಿಡದೆ ಒಳಗೆ ಓಡಿ ಮಂಡಕ್ಕಿಯ ಬಟ್ಟಲನ್ನು ನೆಲಕ್ಕೆ ಸುರಿದ. ನಾನು ಹೌಹಾರಿ ಬಗ್ಗಿದರೆ ಶೈಲಾ, "ಬಿಡೆ, ಚೆಲ್ಲಲಿ" ಎಂದು ನಮ್ಮಿಬ್ಬರನ್ನು ಅಕ್ಷರಶಃ ಹೊರಗೆ ತಳ್ಳಿ ಬಾಗಿಲು ಹಾಕಿಕೊಂಡಳು. ಗುಡಿಗೆ ಹೋಗಿ ಕೈಮುಗಿದು, ತುಂಗಭದ್ರೆಯ ದಂಡೆಗೆ ಇಳಿದು ಕೂತೆವು. ಐದು ವರ್ಷದಲ್ಲಿ ನಾವಿಬ್ಬರೇ ಕೂತದ್ದು ಅದೇ ಮೊದಲು. ಯಜಮಾನರು ಹೊಳೆಯನ್ನು ನೋಡುತ್ತಾ, "ನೀರು ಚೆನ್ನಾಗಿದೆ" ಎಂದರು. ನಾನು ಹೌದೆಂದೆ. ಸ್ವಲ್ಪ ಹೊತ್ತು ಬಿಟ್ಟು, "ನಕುಲ ಇದ್ದಿದ್ದರೆ ಕಲ್ಲು ಎಸೀತಿದ್ದ" ಎಂದು ತಾವೇ ಒಂದು ಕಲ್ಲು ಎಸೆದರು. ಎರಡು ಗಂಟೆಗೆಂದು ಹೊರಟವರು ನಲವತ್ತು ನಿಮಿಷಕ್ಕೇ ಎದ್ದು ಬಂದೆವು.

ಬಾಗಿಲು ತೆರೆದೇ ಇತ್ತು. ನಡುಮನೆಯ ನೆಲದ ಮೇಲೆ ಶೈಲಾ ಕೂತಿದ್ದಳು. ಅವಳ ಮಡಿಲಲ್ಲಿ ನಕುಲ, ಮಗ್ಗುಲಲ್ಲಿ ಸಿರಿ, ಎದುರಿಗೆ ಬಿಚ್ಚಿಟ್ಟ ಫೋಟೊ ಆಲ್ಬಂ. ಅವಳ ಕೆನ್ನೆ ಒದ್ದೆಯಾಗಿತ್ತು. ಸಿರಿ ಪುಟ ತಿರುಗಿಸಿ, "ಇಲ್ಲಿ ಯಾಕೆ ಪಾಪು ಟೋಪಿ ಹಾಕ್ಕೊಂಡಿದೆ?" ಎಂದು ಕೇಳುತ್ತಿದ್ದಳು. ಶೈಲಾ ಟೋಪಿಯ ಕಥೆ ಹೇಳುತ್ತಿದ್ದಳು. ಯಾರು ಹೆಣೆದದ್ದು, ಹಾಕಿದ ಕೂಡಲೇ ಹೇಗೆ ಕಿತ್ತು ಎಸೆಯುತ್ತಿದ್ದ. ಹೇಳುತ್ತಾ ನಕ್ಕಳು. ನಾನು "ಸಿರೀ" ಎಂದು ಗದರಿಸಲು ಹೊರಟೆ. ಶೈಲಾ ಕೈ ಎತ್ತಿ ತಡೆದಳು. "ಬೈಬ್ಯಾಡ. ಹೋದ ಮೇಲೆ ಅವನ ಹೆಸರು ಕೇಳಿದಾಕಿ ನಿನ್ನ ಮಗಳು ಒಬ್ಬಾಕಿನೇ."

ದಾವಣಗೆರೆಗೆ ಮರಳುವ ಬಸ್ಸಿನಲ್ಲಿ ಸಿರಿ ಕಿಟಕಿಯ ಪಕ್ಕ ಕೂತಿದ್ದಳು. "ಅಮ್ಮಾ, ಶೈಲಾ ಆಂಟಿ ಪಾಪು ಹೆಸರು ನಿಂಗೆ ಗೊತ್ತಾ?" ಎಂದಳು.

"ಓಹೋ, ಗೊತ್ತು" ಎಂದೆ. ಅವನಿಗೆ ಹೆಸರಿಟ್ಟ ದಿನ ನಾನು ಉತ್ತರಪತ್ರಿಕೆ ತಿದ್ದುವುದಿದೆ ಎಂದು ಹೋಗಿರಲಿಲ್ಲ. ಆಮೇಲೂ ಫೋನಿನಲ್ಲಿ ಪಾಪು ಹೇಗಿದೆ, ಪುಟ್ಟ ಮಲಗಿದನಾ ಎಂದೇ ಕೇಳುತ್ತಿದ್ದೆ.

"ಏನು ಹೇಳು ನೋಡೋಣ" ಎಂದಳು ಸಿರಿ, ಥೇಟ್ ನನ್ನ ಧ್ವನಿಯಲ್ಲೇ.

ನಾನು ನಕುಲನ ಅಂಗಿಯ ಗುಂಡಿ ಸರಿಮಾಡಿದೆ. ಹಾಕಿಯೇ ಇದ್ದ ಗುಂಡಿ ಅದು. "ನೀನೇ ಹೇಳು ಪುಟ್ಟಿ" ಎಂದೆ.

"ಸುಮಂತ" ಎಂದಳು.

ಬಸ್ಸಿನ ಸದ್ದಿಗೆ ಸರಿಯಾಗಿ ಕೇಳಿಸಲಿಲ್ಲ ಎಂದು ನೆಪ ಹೇಳಿ ಇನ್ನೊಂದು ಸಲ ಹೇಳಿಸಿಕೊಂಡೆ.