ಸುಳ್ಳರ್ಥಕ್ಕೆ ಸಾಕ್ಷಿ ಕೇಳಿದ್ದು

ಒಂದು ಸಂಜೆ ಮೂರು ಜನರನ್ನು ಮನೆಗೆ ಕರೆದು ನಗಿಸುವುದು ಏನು ಮಹಾ ಕೆಲಸ ಎಂದುಕೊಂಡಿದ್ದೆ. ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಗೆ ನಿಂತರೆ ಎದುರಾಳಿಗೆ ನೀರು ಕುಡಿಸುತ್ತಿದ್ದವಳು ನಾನು. ಇಲ್ಲಿ ಚಹಾ ಕುಡಿಸಿದರೆ ಸಾಕಿತ್ತು!

ನನ್ನ ಕೋಣೆ ಬೀದರಿನ ಧಾನ್ಯದ ಪೇಟೆ ಗಾಂಧಿ ಗಂಜದ ಹಿಂದೆ, ಓಣಿಯವರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಮನೆಯೊಡತಿಯ ಮಾಳಿಗೆಯ ಮೇಲೆ. ವಾರವಿಡೀ ಲಾರಿ, ಹಮಾಲರು, ತೊಗರಿ ಚೀಲ ದೊಪ್ಪೆಂದು ಬೀಳುವ ಸದ್ದು. ಭಾನುವಾರ ಗಂಜ ಬಂದ್. ಆ ದಿನ ನನ್ನ ಚಹಾ ಕುದಿಯುವುದೂ ನನಗೆ ಕೇಳಿಸುತ್ತದೆ. ಜೊತೆಗಿದ್ದ ಗೆಳತಿ ಮದುವೆಯಾಗಿ ಭಾಲ್ಕಿಗೆ ಹೋದಮೇಲೆ ವಾದಕ್ಕೆ ಸಿಗುವುದು ಕುಕ್ಕರ್ ಒಂದೇ. ಒಲೆ ಆರಿಸಿದರೆ ಅದೂ ಸುಮ್ಮನಾಗುತ್ತದೆ.

ಹೀಗಿರುವಾಗ ನಾನು ಪಾಠ ಹೇಳುವ ಕಾಲೇಜಿಗೆ ರೇಖಾ ಎಂಬ ಹುಡುಗಿ ಲ್ಯಾಬ್ ಸಹಾಯಕಿಯಾಗಿ ಬಂದಳು. ಖಟಕ ಚಿಂಚೋಳಿಯವಳು. ದಿನಾ ಬಸ್ಸಿನಲ್ಲಿ ಓಡಾಡಿ ಸುಸ್ತಾಗಿ, ಇಲ್ಲೇ ಕೋಣೆ ಹುಡುಕುತ್ತಿದ್ದಳು. ನನ್ನಲ್ಲಿ ಒಂದು ಮಂಚ ಖಾಲಿ. ಇದಕ್ಕಿಂತ ಸರಳ ತರ್ಕ ಉಂಟೆ?

"ಐತಾರ ಸಂಜಿಗಿ ಬಂದು ನೋಡ್ತೇನ್ರಿ ಅಕ್ಕಾ. ಮನಸ್ಸಿಗಿ ಬಂತಂದ್ರ ಮರುದಿನಾನೇ ಸಾಮಾನು ತರ್ತೇನಿ" ಎಂದಳು.

ಬರೀ ಕೋಣೆ ತೋರಿಸಿದರೆ ಒಪ್ಪುವಳೆಂಬ ಭರವಸೆ ನನಗಿರಲಿಲ್ಲ. ಅಲ್ಲಿನ ಗೋಡೆಗಳು ನನ್ನ ಪರವಾಗಿ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಆದ್ದರಿಂದ ಒಂದು ಆಟ ಏರ್ಪಡಿಸಿದೆ. ಒಬ್ಬರು ನಿಘಂಟಿನಿಂದ ಯಾರಿಗೂ ಗೊತ್ತಿಲ್ಲದ ಒಂದು ಹಳೆಯ ಪದ ಆರಿಸುವುದು. ಉಳಿದವರು ಅದಕ್ಕೆ ನಂಬುವಂಥ ಸುಳ್ಳರ್ಥ ಚೀಟಿಯಲ್ಲಿ ಬರೆಯುವುದು. ಅವುಗಳ ಜೊತೆ ನಿಜವಾದ ಅರ್ಥವನ್ನೂ ಕಲೆಸಿ ಓದುವುದು. ಯಾರ ಸುಳ್ಳನ್ನು ಜನ ನಂಬುತ್ತಾರೋ ಅವರು ಗೆದ್ದಂತೆ.

ಜನ ಹೆಚ್ಚಿರಲೆಂದು ಖಾಲಾ ಅವರನ್ನೂ ಪಕ್ಕದ ಮನೆಯ ಕಾಶಿನಾಥ ಕಾಕಾ ಅವರನ್ನೂ ಕರೆದೆ. ಕಾಕಾ ಗಂಜದಲ್ಲಿ ದಲಾಲಿ ಮಾಡಿ ಈಗ ಮನೆಯಲ್ಲಿರುವವರು.

"ಸುಳ್ಳ ಹೇಳಬೇಕಾ?" ಭಾನುವಾರ ಸಂಜೆ ಎಲ್ಲರೂ ನನ್ನ ಕೋಣೆಯಲ್ಲಿ ಕೂತಮೇಲೆ ಖಾಲಾ ಕೇಳಿದರು. "ಮ್ಯಾಲ ನಾಷ್ಟಾನೂ ಕೊಡ್ತೀ?"

"ಹೌದ್ರಿ ಖಾಲಾ."

"ಇಷ್ಟ ದಿನ ಮುಫತ್ ಹೇಳಿ ಹೇಳಿ ಲುಕ್ಸಾನ ಆತಲ್ಲೋ ಕಾಶಿನಾಥ!"

ರೇಖಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಅರ್ಧ ಸಾಮಾನು ಬಂದಂತೆಯೇ ಎಂದು ನಾನು ಲೆಕ್ಕ ಹಾಕಿದೆ.

ಕಾಕಾ ನಿಘಂಟು ತೆರೆದು 'ಸೊಡರು' ಎಂಬ ಪದ ಆರಿಸಿದರು. ಖಾಲಾಗೆ ಕನ್ನಡ ಬರೆಯಲು ಬಾರದು. ಕಾಕಾನ ಕಿವಿಯಲ್ಲಿ ಹೇಳಿ ಬರೆಸಿದರು. ಕೊನೆಗೆ ಕಾಕಾ ಓದಿದರು:

"ಒಂದು: ಕೂಸಿಗಿ ಮೊದಲ ಹಲ್ಲ ಬಂದಾಗ ಓಣ್ಯಾಗ ಹಂಚೋ ಸಿಹಿ. ಎರಡು: ಉಭಯ ಪಕ್ಷಗಳ ಸಮ್ಮತಿಯಿಂದ ಗಡಿಕಲ್ಲಿನ ಪೂರ್ವಕ್ಕೆ ತಾತ್ಕಾಲಿಕವಾಗಿ ನೆಡಲಾಗುವ, ಮೇಲ್ಮನವಿಗೆ ಒಳಪಟ್ಟ ಗೂಟ. ಮೂರು: ಹೊಸ ಊರಿಗಿ ಬಂದವರನ್ನ ಯಾರೂ ಊಟಕ್ಕ ಕರೀದಿದ್ರ ಆಗೋ ಸಂಕಟ. ನಾಕು: ದೀಪ."

ಕೈ ಎತ್ತಿ ಮತ ಹಾಕಿರೆಂದೆ. ಕಾಕಾ ಒಪ್ಪಲಿಲ್ಲ. "ಹಿಂದಕ ನಮ್ಮ ಗಂಜದಾಗ ಮಾಲಿನ ಧಾರಣಿ ಹ್ಯಾಂಗ ಹೇಳ್ತಿದ್ರು ತಂಗಿ? ಟಾವೆಲ್ ಕೆಳಗ ಬೆರಳ ಹಿಚುಕಿ. ಯಾರಿಗೂ ಕಾಣಬಾರದು." ಹೆಗಲ ಟಾವೆಲ್ ಹಾಸಿ ಒಬ್ಬೊಬ್ಬರು ತಮ್ಮ ಬೆರಳನ್ನು ಎಷ್ಟು ಸಲ ಹಿಚುಕಿದರೆಂದು ಎಣಿಸಿ ಫಲಿತಾಂಶ ಘೋಷಿಸಿದರು. ಖಾಲಾ ನಂಬಿದ್ದು ಮೂರನೆಯದನ್ನು. ರೇಖಾ ಒಂದನೆಯದನ್ನು. ನಾನು ನಾಲ್ಕನೆಯದನ್ನು, ಅದೇ ನಿಜ. ಎರಡನೆಯದಕ್ಕೆ ಸೊನ್ನೆ.

ಎರಡನೆಯದು ನನ್ನದು!

ಮೂರನೆಯದು ರೇಖಾಳದೆಂದು ಗೊತ್ತಾಗಿ ಖಾಲಾ ಅವಳ ಬೆನ್ನು ತಟ್ಟುತ್ತಿದ್ದರು. ಇಲ್ಲಿಗೆ ನಿಲ್ಲಿಸಿದ್ದರೆ ಮಂಚ ತುಂಬುತ್ತಿತ್ತು. ನಾನು ಎದ್ದು ನಿಂತೆ. ಮರು ಎಣಿಕೆಗೆ ಆಗ್ರಹಿಸಿದೆ! ನಾನೇ ಟಾವೆಲ್ ಕೆಳಗೆ ಕೈ ಹಾಕಿದೆ. ರೇಖಾ ನನ್ನ ಬೆರಳು ಹಿಡಿದಳು. ಬೆಚ್ಚಗಿನ ಕೈ. ಯಾರಾದರೂ ಕೈ ಹಿಡಿದು ಎಷ್ಟು ಕಾಲವಾಗಿತ್ತೋ, ಹಿಚುಕಿದ್ದು ಒಂದೋ ಎರಡೋ ಎಣಿಸುವುದನ್ನೇ ಮರೆತೆ.

"ಮತ ಅಸ್ಪಷ್ಟ. ಅಸಿಂಧು!" ಎಂದೆ.

"ಖೇಲ್ ಹೈ ಬೇಟಿ, ಅದಾಲತ್ ನಹೀ. ಆಟ ಅದ, ಕೋರ್ಟ್ ಅಲ್ಲ" ಎಂದರು ಖಾಲಾ.

ನನಗೆ ಆಗಲೇ ಆವೇಶ ಬಂದಿತ್ತು. "ಮೂರನೆಯ ಅರ್ಥಕ್ಕೆ ಆಧಾರವೇನು? ಊಟಕ್ಕೆ ಕರೆಯದಿದ್ದರೆ ಸಂಕಟವಾಗುತ್ತದೆಂದು ಹೇಳಿದವರು ಯಾರು?"

"ಸುಳ್ಳ ಬರೀರಿ ಅಂತ ನೀವೇ ಹೇಳಿದ್ರಲ್ರಿ ಅಕ್ಕಾ."

"ಸುಳ್ಳಿಗೂ ಬುಡ ಇರಬೇಕು! ಅಂಥ ಸಂಕಟ ಅನುಭವಿಸಿದ ಒಬ್ಬರನ್ನಾದರೂ ತೋರಿಸು."

ರೇಖಾ ನೆಲ ನೋಡಿದಳು. "ನಾ ಅದೀನಲ್ರಿ" ಎಂದಳು.

ಕಾಕಾ ಟಾವೆಲ್ ಮಡಿಚತೊಡಗಿದರು. ಮನುಷ್ಯರಾದವರು ಇಲ್ಲಿ ಬಾಯಿ ಮುಚ್ಚುತ್ತಾರೆ. ನಾನು ಬೆರಳೆತ್ತಿ, "ಒಬ್ಬರ ಅನುಭವ ನಿಯಮವಾಗದು!" ಎಂದೆ. ನಿಜ ಹೇಳಬೇಕೆಂದರೆ ಆ ಕೋಣೆಯಲ್ಲಿ ಇನ್ನೊಬ್ಬ ಸಾಕ್ಷಿಯೂ ಇದ್ದಳು. ಆಕೆ ಆಗ ಎದುರು ಪಕ್ಷದ ವಕಾಲತ್ತಿನಲ್ಲಿ ಮುಳುಗಿದ್ದಳು.

ಅಭ್ಯಾಸಬಲದಿಂದ ಗೆದ್ದೆನೆಂದು ಕುಳಿತೆ. ಖಾಲಾ ರೇಖಾಳ ಕೈ ಹಿಡಿದು ಎಬ್ಬಿಸಿದರು. "ಏಳು ಬೇಟಿ. ಕೆಳಗ ಖಿಚಡಿ ಅದ. ಉಂಡು ಹೋಗೀಯಂತ."

ಮರುದಿನ ರೇಖಾಳ ಸಾಮಾನು ಬಂತು. ಒಂದು ಟ್ರಂಕು, ಒಂದು ಹಾಸಿಗೆ. ಮೆಟ್ಟಿಲ ಬಳಿ ಕಾಯುತ್ತ ನಿಂತಿದ್ದೆ. ಎರಡೂ ಕೆಳಗಿನ ಖಾಲಾ ಅವರ ಪಡಸಾಲೆಯೊಳಗೆ ಹೋದವು! "ಮ್ಯಾಲ ಗಾಳಿ ಭಾಳ ಅಂತ್ರಿ ಅಕ್ಕಾ, ನನಗ ಆಗಿಬರಂಗಿಲ್ಲ" ಎಂದಳು ರೇಖಾ. ನನ್ನ ಕೋಣೆಗೆ ಇರುವುದು ಒಂದೇ ಕಿಟಕಿ, ಅದೂ ತೆರೆಯುವುದಿಲ್ಲ. ನಂಬುವಂಥ ಸುಳ್ಳು ಹೇಳುವುದರಲ್ಲಿ ಹುಡುಗಿ ಈ ಸಲ ನಿಜಕ್ಕೂ ಹಿಂದುಳಿದಿದ್ದಳು. ಆದರೂ ಮೊದಲ ಬಾರಿಗೆ ನಾನು ಪ್ರತಿವಾದಿಸಲಿಲ್ಲ.

ಮುಂದಿನ ಭಾನುವಾರ ಕೆಳಗಿನಿಂದ ನಗು ಕೇಳಿತು. ಅದೇ ಆಟ! ಮೆಟ್ಟಿಲ ಮೇಲೆ ಕುಳಿತು ಕಿವಿಗೊಟ್ಟೆ. ರೇಖಾಗೆ ಕಂಡಿರಬೇಕು.

"ಅಕ್ಕಾ, ಬರ್ರಲಾ! ಆದ್ರ ಸಾಕ್ಷಿ ಕೇಳಂಗಿಲ್ಲಂತ ಆಣಿ ಮಾಡ್ರಿ."

ಎದೆ ತುಂಬಿ ಬಂತು. ಧಡಧಡ ಇಳಿದೆ. ಕೊನೆಯ ಮೆಟ್ಟಿಲಿಗೆ ಬಂದು ಏನೋ ಪ್ರೀತಿಯ ಮಾತು ಹೇಳಬೇಕೆಂದು ಬಾಯಿ ತೆರೆದೆ.

"ಆಣೆಗೆ ಕಾನೂನಿನ ಮಾನ್ಯತೆ ಇಲ್ಲ!"

ಬಾಗಿಲು ಮುಚ್ಚಿತು. ಗಾಳಿಗೆ ಮುಚ್ಚಿರಬೇಕೆಂಬುದು ನನ್ನ ವಾದ. ಆ ಸಂಜೆ ಗಂಜದಲ್ಲಿ ಒಂದು ಹೊಟ್ಟು ಕೂಡ ಅಲುಗಾಡುತ್ತಿರಲಿಲ್ಲ.